ಆಟ ಹೇಳುವುದು ಒಂದು, ಆಟದೊಳಗೆ ಇರುವುದು ಇನ್ನೊಂದು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಡೆಯುವ ಒಂದು ಆಟ ಬರೆಯುತ್ತೀರಿ ಅಂದುಕೊಳ್ಳಿ. ಚಿತ್ರವಿಲ್ಲ, ಬರೀ ಅಕ್ಷರ. ಇದಕ್ಕೆ ಗ್ರಹಾಂ ನೆಲ್ಸನ್ 1993ರಲ್ಲಿ ರೂಪಿಸಿದ ಇನ್‌ಫಾರ್ಮ್ ಎಂಬ ಉಚಿತ ಸಾಧನವಿದೆ. 2006ರಲ್ಲಿ ಬಂದ ಇನ್‌ಫಾರ್ಮ್ 7ರಲ್ಲಿ ಸರಳ ಇಂಗ್ಲಿಷ್ ವಾಕ್ಯಗಳಲ್ಲೇ ಆಟ ಬರೆಯಬಹುದು. ಆಟಗಾರ ಗೋದಾಮಿನ ಬೀಗಕ್ಕೆ ಕೀಲಿ ಹಾಕುತ್ತಾನೆ. 'ಬೀಗ ತೆರೆಯಿತು' ಎನ್ನುತ್ತದೆ ಪರದೆ. ಬಾಗಿಲು ತಳ್ಳಿದರೆ, ಬೀಗ ಹಾಕಿದೆ ಎನ್ನುತ್ತದೆ! ಬರೆದದ್ದನ್ನು ಎಷ್ಟು ಸಲ ಓದಿದರೂ ಈ ತಪ್ಪು ಸಿಗುವುದು ಕಷ್ಟ, ಯಾಕೆಂದರೆ ಅಲ್ಲಿ ನಮಗೆ ಕಾಣುವುದು ನಮ್ಮ ಉದ್ದೇಶ, ಆಟದ ಸ್ಥಿತಿಯಲ್ಲ. ಆ ಸ್ಥಿತಿ ನೋಡಲು ಇನ್‌ಫಾರ್ಮ್‌ನಲ್ಲೇ ಪರೀಕ್ಷೆಯ ಆಜ್ಞೆಗಳಿವೆ. ಆಟ ಆಡಿಸುತ್ತಲೇ 'ಶೋಮಿ' ಎಂದು ಟೈಪ್ ಮಾಡಿ, ಮುಂದೆ ಬಾಗಿಲಿನ ಹೆಸರು ಕೊಡಿ. ಮುಚ್ಚಿದೆ, ಬೀಗ ಬಿದ್ದಿದೆ ಎಂಬ ಅದರ ನಿಜಸ್ಥಿತಿ ಬರುತ್ತದೆ. 'ರೂಲ್ಸ್' ಎಂದು ಕೊಟ್ಟು ಮತ್ತೆ ಕೀಲಿ ಹಾಕಿ. ಯಾವ ನಿಯಮ ನಡುವೆ ಬಂತೆಂಬುದು ಸಾಲುಸಾಲಾಗಿ ಕಾಣುತ್ತದೆ: ನೀವೇ ಬರೆದ ನಿಯಮ ಮಾತನ್ನಷ್ಟೇ ಮುದ್ರಿಸಿದೆ, ಬೀಗವನ್ನು ಮುಟ್ಟಿಯೇ ಇಲ್ಲ.

'ಪರ್ಲಾಯ್ನ್' ಎಂಬ ಇನ್ನೊಂದು ಆಜ್ಞೆ ಕೊಟ್ಟರೆ ಎಲ್ಲೋ ಇರುವ ವಸ್ತು ನೇರ ಕೈಗೆ ಬರುತ್ತದೆ. ಇದು ಅಡ್ಡದಾರಿ, ನಡುವಿನ ತಪ್ಪುಗಳು ಹಾಗೇ ಉಳಿಯುತ್ತವೆ ಎಂಬ ಆಕ್ಷೇಪವಿದೆ. ಆಕ್ಷೇಪ ಸರಿಯೇ. ಆದರೆ ಅಡ್ಡದಾರಿ ಬೇಕಿರುವುದು ಕಾರಣ ಹುಡುಕಲು ಮಾತ್ರ. ದುರಸ್ತಿಯಾದ ಮೇಲೆ ಹೆಜ್ಜೆಗಳನ್ನೆಲ್ಲ ಬರೆದಿಟ್ಟು, 'ಟೆಸ್ಟ್' ಆಜ್ಞೆಯಿಂದ ಮೊದಲಿನಿಂದ ಆಡಿಸಿ ನೋಡಲೇಬೇಕು. ಬಿಡುಗಡೆಯ ಪ್ರತಿಯಲ್ಲಿ ಈ ಆಜ್ಞೆಗಳು ಇರುವುದಿಲ್ಲ. ಹಾವೇರಿ, ರಾಣೇಬೆನ್ನೂರಿನಲ್ಲಿ ಕತೆಯನ್ನೂ ಕೋಡನ್ನೂ ಪ್ರೀತಿಸುವವರೇ, ಮೊದಲ ಆಟ ಬರೆಯುವಾಗಲೇ ಇವನ್ನು ಕಲಿತುಕೊಳ್ಳಿ.