ಮೂತ್ರಾಶಯದ ಬಹುರೂಪಿ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ‘ಮೈಗೆ ಉಷ್ಣವಾಯಿತು’ ಎಂಬ ಮಾತು ಸಾಮಾನ್ಯ. ಮೂತ್ರ ಕೆಂಪಾಗಿ ಹೋದರೂ ಅದೇ ಕಾರಣ. ಎಳನೀರು, ಮಜ್ಜಿಗೆ, ಜೀರಿಗೆಯ ನೀರು ಇವೇ ಉಪಚಾರ. ಎರಡು ದಿನಗಳಲ್ಲಿ ಕೆಂಪು ಮಾಯವಾಗುತ್ತದೆ; ಮನೆಮದ್ದಿಗೆ ಕೀರ್ತಿ ಬರುತ್ತದೆ. ಆದರೆ ಮೂತ್ರಾಶಯದ ಅರ್ಬುದರೋಗದ, ಅಂದರೆ ಕ್ಯಾನ್ಸರಿನ, ಸ್ವಭಾವವೂ ಹಾಗೆಯೇ. ನೋವಿಲ್ಲದೆ ರಕ್ತವನ್ನು ತೋರಿಸಿ, ತಾನಾಗಿಯೇ ಮರೆಯಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ನಡುವಿನ ಮೌನದಲ್ಲಿ ಗಡ್ಡೆ ಒಳಗೊಳಗೇ ಬೇರು ಬಿಡುತ್ತಿರುತ್ತದೆ.

ಆಳು ಒಬ್ಬ, ವೇಷ ಹಲವು

ಮೂತ್ರಾಶಯವೆಂಬುದು ಸ್ನಾಯುವಿನ ಚೀಲ. ತುಂಬಿದಾಗ ಹಿಗ್ಗಿ, ಬರಿದಾದಾಗ ಕುಗ್ಗಬಲ್ಲ ವಿಶಿಷ್ಟ ಜೀವಕಣಗಳ ಪದರವೊಂದು ಅದರ ಒಳಮೈಯನ್ನು ಹೊದೆದಿದೆ. ಇಲ್ಲಿಯ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಹುಟ್ಟುವುದು ಈ ಪದರದಲ್ಲಿಯೇ. ಆದರೆ ಕೆಲವು ಗಡ್ಡೆಗಳಲ್ಲಿ ಒಂದು ಭಾಗ ಚರ್ಮದ ಕಣಗಳಂತೆ ಚಪ್ಪಟೆಯಾಗಿರುತ್ತದೆ; ಇನ್ನೊಂದು ಭಾಗ ಕರುಳಿನ ಗ್ರಂಥಿಗಳಂತೆ ಲೋಳೆಯನ್ನು ಸುರಿಸುತ್ತದೆ. ತೀರ ವಿರಳವಾಗಿ, ಅತಿ ವೇಗದಿಂದ ಹಬ್ಬುವ ಸಣ್ಣಕಣಗಳ ಜಾತಿ ಅದರೊಡನೆ ಬೆರೆತಿರುತ್ತದೆ. ಇವೇ ಮಿಶ್ರಜಾತಿಯ ಗಡ್ಡೆಗಳು. ರೋಗಗಳು ಎರಡಲ್ಲ, ಒಂದೇ. ಬಹುರೂಪಿ ಎಷ್ಟು ವೇಷ ತೊಟ್ಟರೂ ಆಳು ಒಬ್ಬನೇ ಅಲ್ಲವೆ? ಇಂಥವು ಪತ್ತೆಯಾಗುವ ಹೊತ್ತಿಗೆ ಸಾಮಾನ್ಯ ಗಡ್ಡೆಗಳಿಗಿಂತ ಆಳಕ್ಕೆ ಇಳಿದಿರುವುದೇ ಹೆಚ್ಚು.

ಬಣ್ಣ, ಹುಳು, ಹೊಗೆ

1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಾಶಯದ ಗಡ್ಡೆಗಳನ್ನು ಗುರುತಿಸಿದನು. ಅದಕ್ಕೂ ಮೊದಲು, 1851ರಲ್ಲಿ, ಥಿಯೊಡೋರ್ ಬಿಲ್‌ಹಾರ್ಜ್ ಎಂಬ ವೈದ್ಯನು ಕೈರೋ ನಗರದಲ್ಲಿ ರಕ್ತನಾಳವಾಸಿಯಾದ ಹುಳುವೊಂದನ್ನು ಕಂಡುಹಿಡಿದಿದ್ದನು. ಈಜಿಪ್ಟಿನಲ್ಲಿ ಚಪ್ಪಟೆಕಣದ ಕ್ಯಾನ್ಸರು ಹೆಚ್ಚಾಗಿದ್ದುದಕ್ಕೆ ಆ ಹುಳುವೇ ಕಾರಣವೆಂದು ಮುಂದೆ ತಿಳಿದುಬಂದಿತು. ಮೂತ್ರದಲ್ಲಿ ರಕ್ತ ತರಿಸುವ ಅಂಥದೇ ಹುಳುರೋಗದ ಒಂದು ನೆಲೆ 1952ರಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಗ್ರಾಮದಲ್ಲಿ ಪತ್ತೆಯಾಯಿತು. ಆಗ ರತ್ನಾಗಿರಿಯೂ ಧಾರವಾಡವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ರೋಗ ದೇಶದಲ್ಲಿ ವ್ಯಾಪಿಸಲಿಲ್ಲ. ಬಹುಕಾಲ ಉಳಿದ ಕಲ್ಲು, ಮಾಗದ ಸೋಂಕು, ವರ್ಷಗಟ್ಟಲೆ ಇರಿಸಿದ ಮೂತ್ರನಳಿಗೆ ಇವುಗಳ ಕೆರಳಿಕೆಯಿಂದಲೂ ಚಪ್ಪಟೆಕಣಗಳು ತಲೆಯೆತ್ತಬಲ್ಲವು.

ಎಲ್ಲಕ್ಕೂ ಮಿಗಿಲಾದ ಕಾರಣ ತಂಬಾಕಿನ ಹೊಗೆ. ಬೀಡಿ ತಂಬಾಕಿನ ಪೇಟೆಯಾಗಿ ಹೆಸರಾದ ನಿಪ್ಪಾಣಿ ಈ ಸೀಮೆಗೆ ದೂರದ್ದೇನೂ ಅಲ್ಲ. ಎದೆಗಿಳಿದ ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಹೊರಬೀಳುವ ಮುನ್ನ ಅದು ಮೂತ್ರಾಶಯದಲ್ಲಿ ಗಂಟೆಗಟ್ಟಲೆ ತಂಗಿರುತ್ತದೆ.

ನಿರ್ಣಯದ ಕೀಲಿ

1877ರಲ್ಲಿ ಮ್ಯಾಕ್ಸ್ ನಿಟ್ಸೆ ಪ್ರದರ್ಶಿಸಿದ ದರ್ಶಕನಳಿಗೆಯಿಂದ ಮೂತ್ರಾಶಯದ ಒಳಗನ್ನು ಕಣ್ಣಾರೆ ನೋಡುವುದು ಸಾಧ್ಯವಾಯಿತು. ಇಂದು ಅದೇ ದಾರಿಯಿಂದ ಗಡ್ಡೆಯನ್ನು ಹೆರೆದು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಗಡ್ಡೆ ಎಷ್ಟು ಆಳಕ್ಕಿಳಿದಿದೆಯೆಂದು ತಿಳಿಯಬೇಕಾದರೆ ಆ ತುಣುಕಿನಲ್ಲಿ ಸ್ನಾಯುವೂ ಇರಬೇಕು. ಮಿಶ್ರಕಣಗಳು ಒಂದು ಮೂಲೆಯಲ್ಲಿ ಅಡಗಿದ್ದರೆ ಸಣ್ಣ ತುಣುಕಿನಲ್ಲಿ ಸಿಗದೆಯೂ ಹೋಗಬಹುದು.

ಈ ನಿರ್ಣಯದ ಮೇಲೆಯೇ ಚಿಕಿತ್ಸೆಯ ದಾರಿ ನಿಂತಿದೆ. ಮೇಲ್ಪದರದ ಸಾಮಾನ್ಯ ಗಡ್ಡೆಗೆ ಕ್ಷಯದ ಬಿ.ಸಿ.ಜಿ. ಲಸಿಕೆಯನ್ನು ಮೂತ್ರಾಶಯಕ್ಕೆ ಹರಿಸುವ ವಿಧಾನ 1976ರಿಂದ ಪ್ರಸಿದ್ಧವಾಗಿದೆ. ಮಿಶ್ರಜಾತಿಗೆ ಅದೊಂದನ್ನೇ ನೆಚ್ಚಲು ವೈದ್ಯರು ಹಿಂಜರಿಯುತ್ತಾರೆ; ಮೂತ್ರಾಶಯವನ್ನೇ ಬೇಗ ತೆಗೆಯುವ ಯೋಚನೆ ಬರುತ್ತದೆ. ಸಣ್ಣಕಣಗಳು ಸ್ವಲ್ಪವೇ ಇದ್ದರೂ ಸಾಮಾನ್ಯವಾಗಿ ಮೊದಲು ಔಷಧ ಚಿಕಿತ್ಸೆ, ಆಮೇಲೆ ಶಸ್ತ್ರಕ್ರಿಯೆ ಇಲ್ಲವೆ ವಿಕಿರಣ. ಮೂತ್ರಾಶಯ ಹೋದವರೂ ಬದುಕಿ ಬಾಳುತ್ತಾರೆ: ಕರುಳಿನ ತುಂಡಿನಿಂದ ಮೂತ್ರಕ್ಕೆ ಹೊಸ ದಾರಿಯನ್ನು ಮಾಡಿಕೊಡುವ ಕ್ರಮವನ್ನು ಅಮೆರಿಕದ ಬ್ರಿಕರ್ 1950ರಲ್ಲಿಯೇ ವಿವರಿಸಿದ್ದನು.

ಸಂಕೋಚವೇ ಶತ್ರು

ಅವಳಿನಗರದವರಿಗೆ ವೈದ್ಯರು ದೂರವಿಲ್ಲ. 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ. ನವನಗರದಲ್ಲಿ ಕ್ಯಾನ್ಸರಿಗೆಂದೇ ಆಸ್ಪತ್ರೆಯಿದೆ. ದೂರವಿರುವುದು ಬಾಯಿಬಿಟ್ಟು ಹೇಳುವ ಧೈರ್ಯ. ರೋಗ ಗಂಡಸರಲ್ಲಿ ಹೆಚ್ಚು. ಆದರೆ ಹೆಂಗಸರಲ್ಲಿ ಅದನ್ನು ಮತ್ತೆ ಮತ್ತೆ ಬರುವ ಮೂತ್ರದ ಸೋಂಕೆಂದೇ ತಿಳಿದು ಕಾಲ ಕಳೆಯುವುದುಂಟು.

ಮೂತ್ರ ಕೆಂಪಾದುದೆಲ್ಲ ಕ್ಯಾನ್ಸರಲ್ಲ. ಬೀಟ್‌ರೂಟ್ ತಿಂದರೂ ಬಣ್ಣ ಬರಬಹುದು. ಕಲ್ಲು, ಸೋಂಕುಗಳಿಂದಲೂ ರಕ್ತ ಬೀಳಬಹುದು. ಅದನ್ನು ನಿರ್ಧರಿಸುವುದು ಪರೀಕ್ಷೆಯ ಕೆಲಸ. ಒಂದೇ ಸಲ, ನೋವಿಲ್ಲದೆ ರಕ್ತ ಕಂಡರೂ ವೈದ್ಯರಿಗೆ ತಿಳಿಸಬೇಕು. ಗಡ್ಡೆಯೆಂದು ತಿಳಿದರೆ ಮನೆಯವರು ಎರಡು ಮಾತು ಕೇಳುವುದು ಒಳ್ಳೆಯದು: ತುಣುಕಿನಲ್ಲಿ ಸ್ನಾಯು ಇತ್ತೆ? ಬೇರೆ ಜಾತಿಯ ಕಣಗಳು ಬೆರೆತಿವೆಯೆ? ಸಂದೇಹವುಳಿದರೆ ಅದೇ ಗಾಜಿನ ಪಟ್ಟಿಗಳನ್ನು ಇನ್ನೊಬ್ಬ ತಜ್ಞರಿಗೆ ತೋರಿಸಬಹುದು. ಎಳನೀರು ಕುಡಿಯುವುದು ತಪ್ಪಲ್ಲ. ಕುಡಿದು ಸುಮ್ಮನಾಗಬಾರದು, ಅಷ್ಟೆ.