ಈಡು ಹಾರದ ಕೋವಿ

ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಜರ್ ಬರೆದವನು ಕೋವಿಯ ಬಗ್ಗೆ ಮಾತಾಡುವುದೇ ಎಂದು ನಿಮಗೆ ನಗು ಬರಬಹುದು. ಆದರೆ ನಮ್ಮ ಕಾಸರಗೋಡಿನ ತೋಟಗಳಲ್ಲಿ ಕಾಡುಹಂದಿಯ ಉಪದ್ರ ಕಾಣದವರು ಯಾರಿದ್ದಾರೆ? ನಾವು ಕೋವಿ ಎನ್ನುತ್ತೇವೆ, ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್. ಹೆಸರು ಮೂರಾದರೂ ಅದು ಕೈಕೊಡುವ ರೀತಿ ಒಂದೇ.

ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತು ಅಧ್ಯಕ್ಷರಿಗೂ ಕೊಟ್ಟಿತು. ಆ ವರ್ಷದ ಡಿಸೆಂಬರಿನ ಒಂದು ರಾತ್ರಿ ನನ್ನ ಭಾವ, ಲೈಸೆನ್ಸು ಮತ್ತು ಅನುಮತಿ ಕಾಗದ ಎರಡನ್ನೂ ಇಟ್ಟುಕೊಂಡು, ತೋಟದ ಕರೆಯಲ್ಲಿ ಕಾದು ಕುಳಿತರು. ಕೈಯಲ್ಲಿದ್ದದ್ದು ಪಾಯಿಂಟ್ 315 ರೈಫಲ್. ಹಂದಿ ಬಂತು. ಭಾವ ಟ್ರಿಗರ್ ಒತ್ತಿದರು. 'ಟಕ್' ಎಂದಿತು, ಅಷ್ಟೆ. "ಇದೇನಾಯಿತು ಮಾರಾಯ" ಎನ್ನುತ್ತ ಅವರು ಕೋವಿಯನ್ನು ಟಾರ್ಚಿನ ಬೆಳಕಿಗೆ ತಿರುಗಿಸಿದರು. ಟಾರ್ಚು ಹಿಡಿದು ನಿಂತಿದ್ದವನು ಅವರ ಮಗ. ನಳಿಗೆಯ ಬಾಯಿ ಅವನ ಹೊಟ್ಟೆಯ ನೇರಕ್ಕೆ ಬಂದಿತ್ತು. ನಾನು ಕೂಗಿಕೊಂಡೆ. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಶಾಖೆಯಲ್ಲಿ ಕಾವಲಿಗಿದ್ದ ಮಾಜಿ ಸೈನಿಕರೊಬ್ಬರು 1962ರ ಯುದ್ಧದಲ್ಲಿ ಪಾಯಿಂಟ್ 303 ಹೊತ್ತವರು. ಊಟದ ಹೊತ್ತಿಗೆ ಅವರು ಹೇಳುತ್ತಿದ್ದ ಪಾಠ ನನಗೆ ಬಾಯಿಪಾಠ. 'ಟಕ್' ಎಂದ ಕೋವಿ ಸತ್ತಿಲ್ಲ, ನಿದ್ದೆಯಲ್ಲಿದೆ. ಒಳಗೆ ಕಿಡಿ ಮೆಲ್ಲನೆ ಹತ್ತಿಕೊಂಡು ಈಡು ತಡವಾಗಿ ಹಾರುವುದುಂಟು. ಆದ್ದರಿಂದ ನಳಿಗೆಯನ್ನು ಹಿಡಿದ ದಿಕ್ಕಿನಲ್ಲೇ, ಜನರಿಲ್ಲದ ಕಡೆಗೇ ಇಟ್ಟುಕೊಂಡು ಒಂದು ನಿಮಿಷ ಕಾಯಿರಿ. ಆಮೇಲೆ ಮುಖವನ್ನು ಬದಿಗೆ ಸರಿಸಿ ಬೋಲ್ಟ್ ತೆರೆದು ತೋಟೆಯನ್ನು ಹೊರಗೆ ತೆಗೆಯಿರಿ.

ಇನ್ನು ಆ ತೋಟೆಯ ಹಿಂಬದಿಯ ಕೇಪು ನೋಡಿ. ಚೆಕ್ಕಿನ ಮೇಲಿನ ಸಹಿಯನ್ನು ನಾವು ನೋಡುತ್ತಿದ್ದ ಹಾಗೆ ನೋಡಬೇಕು. ಕೇಪಿನ ಮೇಲೆ ಆಳವಾದ ಗುಳಿ ಬಿದ್ದಿದ್ದರೆ ತಪ್ಪು ಹೆಚ್ಚಾಗಿ ಕೋವಿಯದಲ್ಲ, ತೋಟೆಯದು. ನಮ್ಮ ಮಳೆಗಾಲದ ತೇವ ತಿಂದಿರಬಹುದು, ಅಥವಾ ಮೇಲೆ ಸುರಿದ ಎಣ್ಣೆ ಕೇಪಿನೊಳಗೆ ಇಳಿದಿರಬಹುದು. ಅದನ್ನು ಬಿಸಿಲಿಗಿಟ್ಟು ಮತ್ತೆ ಪ್ರಯೋಗ ಮಾಡುವುದು ಬೇಡ. ಗುಳಿಯೇ ಇಲ್ಲದಿದ್ದರೆ ಹೊಡೆಯುವ ಪಿನ್ನಿನ ತುದಿ ಮುರಿದಿರಬಹುದು. ತೆರೆದಾಗ ಒಳಗೆ ತೋಟೆಯೇ ಇಲ್ಲದ ಪ್ರಸಂಗವೂ ಉಂಟು. ಮ್ಯಾಗಜಿನ್ ಸರಿಯಾಗಿ ಕಚ್ಚಿ ಕೂರದೆ ಬೋಲ್ಟ್ ಬರಿದೇ ಮುಂದೆ ಹೋಗಿರುತ್ತದೆ.

'ಟಕ್' ಎಂಬ ಸದ್ದೂ ಬಾರದಿದ್ದರೆ ಎಡಬದಿಯ ಸೇಫ್ಟಿ ಹಿಡಿ ನೋಡಿ. ಹಿಂದಕ್ಕೆ ಇದ್ದರೆ ಬಂದ್, ಮುಂದಕ್ಕೆ ಇದ್ದರೆ ತಯಾರು.

ಭಾವನ ತೋಟೆಯಲ್ಲಿ ಗುಳಿ ಇತ್ತು, ಆದರೆ ಉಗುರು ಊರಿದಷ್ಟೇ ತೆಳು. ಪೆಟ್ಟಿಗೆ ಬಲ ಸಾಲಲಿಲ್ಲ ಎಂದು ಅರ್ಥ. ಬೋಲ್ಟಿನ ಹಿಡಿ ಪೂರ್ತಿ ಕೆಳಗೆ ಬಾರದಿದ್ದರೆ ಹೀಗಾಗುತ್ತದೆ, ಏಕೆಂದರೆ ಪಿನ್ನಿನ ಓಟ ಅರ್ಧದಲ್ಲೇ ತಡೆಯುತ್ತದೆ. ಸ್ಪ್ರಿಂಗ್ ಸೋತರೂ ಹೀಗೇ. ಭಾವನ ಹಿಡಿ ಸರಿಯಾಗಿಯೇ ಕೂತಿತ್ತು. ಲೈಸೆನ್ಸಿರುವ ಕೋವಿ ರಿಪೇರಿಯವರು ಬೋಲ್ಟ್ ಬಿಚ್ಚಿ ನಕ್ಕರು. ಸ್ಪ್ರಿಂಗಿನ ಸುತ್ತ ಅಂಟಿನಂಥ ಹಳದಿ ಜಿಗುಟು, ಮೂಸಿದರೆ ತೆಂಗಿನೆಣ್ಣೆ! ನಮ್ಮಲ್ಲಿ ತಲೆಗೂ ಅದೇ, ಪಲ್ಯಕ್ಕೂ ಅದೇ, ಕೋವಿಗೂ ಅದೇ. ಅದು ವರ್ಷಗಟ್ಟಲೆ ನಿಂತರೆ ಅಂಟಾಗುತ್ತದೆ. ಮೇಲಾಗಿ 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ನೀವೇ ನೋಡಿದ್ದೀರಿ. ಕೋವಿಗೆ ಯಂತ್ರದ ತೆಳು ಎಣ್ಣೆ, ಅದೂ ಬಟ್ಟೆಯಲ್ಲಿ ಒರೆಸಿದಷ್ಟು ಸಾಕು. ಈ ಜಾತಿಯ ರೈಫಲಿನ ಬೋಲ್ಟು ಆಯಾ ಕೋವಿಗೇ ಹೊಂದಿಸಿದ್ದು. ನೆರೆಮನೆಯವರ ಬೋಲ್ಟ್ ತಂದು ಹಾಕಿ ನೋಡುವ ಸಾಹಸ ಬೇಡ. ಟ್ರಿಗರಿನ ಕೊಕ್ಕೆಗೆ ಅರ ಹಾಕುವುದಂತೂ ಬೇಡವೇ ಬೇಡ. ತಾನಾಗಿ ಹಾರುವ ಕೋವಿಗಿಂತ ಹಾರದ ಕೋವಿಯೇ ಲೇಸು.

ಒಂದು ಮಾತು ಮರೆತೆ. ಈಡು ಹಾರಿಯೂ ಸದ್ದು ಮಾಮೂಲಿಗಿಂತ ಸಣ್ಣಗೆ, 'ಪುಸ್' ಎಂದು ಬಂದರೆ ಎರಡನೆಯ ತೋಟೆ ಹಾಕಲೇಬಾರದು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಮತ್ತೊಂದು ಹೊಡೆದರೆ ನಳಿಗೆ ಒಡೆದೀತು.

ಚುನಾವಣೆ ಬಂದಾಗ ನಾವು ಠಾಣೆಗೆ ಒಪ್ಪಿಸುವ ಕೋವಿ ವಾರಗಟ್ಟಲೆ ಮೂಲೆಯಲ್ಲಿ ನಿಂತು ಹಿಂದೆ ಬರುತ್ತದೆ. ತಂದ ದಿನವೇ ತೋಟೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ಹೊರಗೆ ತೆಗೆದು, ಹಿಂಬದಿಯಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಕುಂಬಾರ ಹುಳಕ್ಕೆ ಮಣ್ಣಿನ ಗೂಡು ಕಟ್ಟಲು ಅಂಥ ಸಣ್ಣ ತೂತೆಂದರೆ ಬಲು ಇಷ್ಟ.