24 ಗಂಟೆ ತೋಳಿಗೆ ಬಿಪಿ ಪಟ್ಟಿ: ‘ಅದು ಬರೀ ಡಾಕ್ಟರ್ ಭಯ’ ಎನ್ನುವ ಫಾರ್ವರ್ಡ್ ಎಷ್ಟು ನಿಜ?

ಡಾಕ್ಟರನ್ನು ಕಂಡರೆ ಭಯಕ್ಕೇ ಬಿಪಿ ಏರುತ್ತದೆ, ಮನೆಗೆ ಬಂದರೆ ತಾನಾಗಿ ಇಳಿಯುತ್ತದೆ, ಹಾಗಾಗಿ ಮಾತ್ರೆ ಬೇಡ. ಈ ಅರ್ಥದ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಇದು ಪೂರ್ತಿ ಸುಳ್ಳಲ್ಲ. ಅಪಾಯ ಇರುವುದೂ ಅದರಲ್ಲೇ. ಮೊದಲರ್ಧ ನಿಜ ಎಂದು ನಂಬಿದವರು ಉಳಿದರ್ಧವನ್ನೂ ನಂಬಿ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ನಿಮ್ಮ ಬಿಪಿ ಭಯದ್ದೋ, ನಿಜವಾದದ್ದೋ ಎಂದು ತಿಳಿಯಲು ಊಹೆ ಬೇಕಿಲ್ಲ. ಅದಕ್ಕೊಂದು ಪರೀಕ್ಷೆಯೇ ಇದೆ: ಒಂದು ಇಡೀ ದಿನ ಬಿಪಿ ಯಂತ್ರವನ್ನು ಮೈಮೇಲೆ ಹಾಕಿಕೊಂಡು ಎಂದಿನಂತೆ ಓಡಾಡುವುದು. ಇದಕ್ಕೆ ಆಂಬ್ಯುಲೇಟರಿ ಬಿಪಿ ಮಾನಿಟರಿಂಗ್, ಚಿಕ್ಕದಾಗಿ ಎಬಿಪಿಎಂ ಎನ್ನುತ್ತಾರೆ.

ಭಯಕ್ಕೆ ಬಿಪಿ ಏರುವುದು ನಿಜವೇ?

ನಿಜ. ಕ್ಲಿನಿಕ್‌ನಲ್ಲಿ ಹೆಚ್ಚು, ಹೊರಗೆ ನಾರ್ಮಲ್ ಇರುವುದನ್ನು ‘ವೈಟ್ ಕೋಟ್ ಹೈಪರ್‌ಟೆನ್ಷನ್’ ಎಂದು ಕರೆಯುತ್ತಾರೆ. ಅಮೆರಿಕದ ವೈದ್ಯ ಥಾಮಸ್ ಪಿಕರಿಂಗ್ ಮತ್ತು ಸಂಗಡಿಗರು 1988ರಲ್ಲಿ ಇದು ಎಷ್ಟು ಸಾಮಾನ್ಯ ಎಂದು ತೋರಿಸಿದ ಮೇಲೆ ಈ ಹೆಸರು ಜನಪ್ರಿಯವಾಯಿತು.

ಇದರ ಉಲ್ಟಾ ಕೂಡ ಇದೆ, ಫಾರ್ವರ್ಡ್‌ಗಳು ಹೇಳದೆ ಬಿಡುವುದು ಅದನ್ನೇ. ಕೆಲವರಿಗೆ ಕ್ಲಿನಿಕ್‌ನಲ್ಲಿ ಬಿಪಿ ಸರಿಯಾಗಿಯೇ ಇರುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ, ನಿದ್ದೆಯಲ್ಲಿ ಹೆಚ್ಚಿರುತ್ತದೆ. ಇದು ‘ಮಾಸ್ಕ್ಡ್’, ಅಂದರೆ ಮುಖವಾಡ ಹಾಕಿದ ಬಿಪಿ. ಇಂಥವರ ಹೃದಯ, ಮಿದುಳು, ಕಿಡ್ನಿಗೆ ಇರುವ ಅಪಾಯ ಎಲ್ಲ ಹೊತ್ತೂ ಬಿಪಿ ಇರುವವರ ಅಪಾಯಕ್ಕೆ ಹತ್ತಿರವೇ.

2018–19ರಲ್ಲಿ ನಡೆದ ಇಂಡಿಯಾ ಹಾರ್ಟ್ ಸ್ಟಡಿಯಲ್ಲಿ 15 ರಾಜ್ಯಗಳ 18,918 ಮಂದಿಯ ಬಿಪಿಯನ್ನು ಕ್ಲಿನಿಕ್‌ನಲ್ಲೂ, ನಂತರ 7 ದಿನ ಮನೆಯಲ್ಲೂ ಅಳೆದರು. ಮೊದಲ ಭೇಟಿಯ ಅಳತೆಯನ್ನಷ್ಟೇ ನಂಬಿದ್ದರೆ 100ರಲ್ಲಿ ಸುಮಾರು 42 ಜನರ ವಿಷಯದಲ್ಲಿ ತೀರ್ಮಾನ ತಪ್ಪುವ ಸಾಧ್ಯತೆ ಇತ್ತು. ಕೆಲವರಿಗೆ ಬೇಡದ ಮಾತ್ರೆ, ಇನ್ನು ಕೆಲವರಿಗೆ ಬೇಕಾದ ಮಾತ್ರೆಯೇ ಇಲ್ಲ.

ಯಂತ್ರ ಏನು ಮಾಡುತ್ತದೆ?

ತೋಳಿಗೆ ಒಂದು ಪಟ್ಟಿ, ಅದರಿಂದ ಒಂದು ಕೊಳವೆ, ಸೊಂಟದಲ್ಲಿ ಒಂದು ಪುಟ್ಟ ಡಬ್ಬಿ. ಹಗಲು 15–30 ನಿಮಿಷಕ್ಕೊಮ್ಮೆ, ರಾತ್ರಿ 30–60 ನಿಮಿಷಕ್ಕೊಮ್ಮೆ ಪಟ್ಟಿ ತಾನಾಗಿ ಉಬ್ಬಿ, ಇಳಿದು, ಅಳತೆಯನ್ನು ಉಳಿಸಿಕೊಳ್ಳುತ್ತದೆ. ಹಗಲು 16 ಗಂಟೆ 20 ನಿಮಿಷಕ್ಕೊಮ್ಮೆ, ರಾತ್ರಿ 8 ಗಂಟೆ ಅರ್ಧ ಗಂಟೆಗೊಮ್ಮೆ ಎಂದರೆ ಒಟ್ಟು 64 ಅಳತೆ. ಇವುಗಳಲ್ಲಿ ಕನಿಷ್ಠ 70% ಸರಿಯಾಗಿ ದಾಖಲಾಗಿರಬೇಕು. ಇಲ್ಲದಿದ್ದರೆ ಮತ್ತೆ ಮಾಡಿಸಬೇಕಾಗಬಹುದು.

ಇದನ್ನು ಹೋಲ್ಟರ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಎದೆಗೆ ತಂತಿ ಅಂಟಿಸುವ ಹೋಲ್ಟರ್ ನೋಡುವುದು ಇಸಿಜಿಯನ್ನು, ಬಿಪಿಯನ್ನಲ್ಲ.

ಇದು ಹೊಸ ಫ್ಯಾಷನ್ನೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮಾರಿಸ್ ಸೊಕೊಲೊವ್ ತಂಡ 1960ರ ದಶಕದಲ್ಲೇ ಮೈಮೇಲೆ ಹೊತ್ತೊಯ್ಯುವ ಯಂತ್ರ ಬಳಸಿತ್ತು. ಬ್ರಿಟನ್‌ನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್, ಕ್ಲಿನಿಕ್‌ನಲ್ಲಿ ಬಿಪಿ ಹೆಚ್ಚು ಕಂಡವರಿಗೆ ಈ ಪರೀಕ್ಷೆಯಿಂದಲೇ ಖಚಿತಪಡಿಸಿಕೊಳ್ಳಿ ಎಂದು 2011ರಲ್ಲಿ ಹೇಳಿತು. ಭಾರತದ ಎಬಿಪಿಎಂ ನೋಂದಣಿ ಅಧ್ಯಯನವೊಂದರಲ್ಲೇ 27 ಸಾವಿರಕ್ಕೂ ಹೆಚ್ಚು ಜನರ ದಾಖಲೆ ಸೇರಿದೆ.

ಉಪ್ಪಾರಪೇಟೆಯಲ್ಲಿ ಇದನ್ನು ಹಾಕಿಕೊಂಡು ಓಡಾಡಿದರೆ?

ಮೆಜೆಸ್ಟಿಕ್ ಪಕ್ಕದ ಉಪ್ಪಾರಪೇಟೆಯಲ್ಲಿ ಹೋಲ್‌ಸೇಲ್ ಅಂಗಡಿ ಇಟ್ಟಿರುವ 50 ವರ್ಷದವರೊಬ್ಬರು ಎಂದಿಟ್ಟುಕೊಳ್ಳಿ. ಬೆಳಗ್ಗೆ ಬಸ್ ಸ್ಟ್ಯಾಂಡಿನ ಜನಜಂಗುಳಿ, ಮಧ್ಯಾಹ್ನ ಗಿರಾಕಿಗಳ ಚೌಕಾಸಿ, ಸಾಲ ಬಾಕಿ ಇಟ್ಟವರಿಗೆ ಫೋನು, ಸಂಜೆ ಹಾರ್ನ್ ಸದ್ದು, ರಾತ್ರಿ ತಡವಾಗಿ ಊಟ. ಕ್ಲಿನಿಕ್‌ನ ಎರಡು ನಿಮಿಷ ಇದ್ಯಾವುದನ್ನೂ ನೋಡುವುದಿಲ್ಲ, ಯಂತ್ರ ನೋಡುತ್ತದೆ. ಹಾಗಾಗಿ ಆ ದಿನ ರಜೆ ಹಾಕಿ ಮಲಗಿದರೆ ಪರೀಕ್ಷೆಯ ಉದ್ದೇಶವೇ ಹಾಳು. ಎಂದಿನ ಕೆಲಸ ಮಾಡಿ. ಆದರೆ ಇಷ್ಟು ಪಾಲಿಸಿ:

• ಪಟ್ಟಿ ಉಬ್ಬಲು ಶುರುವಾದ ತಕ್ಷಣ ನಿಂತುಬಿಡಿ. ತೋಳು ಸಡಿಲವಾಗಿ, ಅಲುಗಾಡದಂತೆ ಇರಲಿ. ಮಾತು ಬೇಡ.
• ಹೆಚ್ಚು ಬಳಸದ ಕೈಗೆ ಕಟ್ಟಿಸಿಕೊಳ್ಳಿ, ಪಟ್ಟಿ ನಿಮ್ಮ ತೋಳಿನ ಗಾತ್ರದ್ದೇ ಆಗಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.
• ಸ್ನಾನ ಮುಗಿಸಿಯೇ ಹಾಕಿಸಿಕೊಳ್ಳಿ. ಯಂತ್ರಕ್ಕೆ ನೀರು ತಾಗಬಾರದು.
• ಮಾತ್ರೆಯನ್ನು ಎಂದಿನಂತೆ ನುಂಗಿ. ಬಿಡಬೇಕಿದ್ದರೆ ಡಾಕ್ಟರೇ ಹೇಳುತ್ತಾರೆ.
• ಮಲಗಿದ್ದು, ಎದ್ದದ್ದು, ಮಾತ್ರೆ ತೆಗೆದುಕೊಂಡ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ.

ಈ ಚೀಟಿ ಕಡೆಗಣಿಸುವಂಥದ್ದಲ್ಲ. ರಾತ್ರಿ ಪಾಳಿಯ ಬಸ್ ಡ್ರೈವರ್‌ಗೆ, ಲಾಡ್ಜ್ ಕೌಂಟರಿನಲ್ಲಿ ಕೂರುವವರಿಗೆ ‘ರಾತ್ರಿ’ ಎಂದರೆ ಅವರು ನಿದ್ದೆ ಮಾಡುವ ಹಗಲು. ಚೀಟಿ ಇಲ್ಲದಿದ್ದರೆ ರಿಪೋರ್ಟ್ ತಲೆಕೆಳಗಾಗುತ್ತದೆ.

ನಿದ್ದೆಯ ಬಿಪಿ ಯಾಕೆ ಮುಖ್ಯ?

ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಹಗಲಿಗಿಂತ 10–20% ಇಳಿಯುತ್ತದೆ. ಇಳಿಯದವರಿಗೆ ಮುಂದೆ ಪಾರ್ಶ್ವವಾಯು, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಗೊರಕೆಯ ಜೊತೆ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾ ಇರುವವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಪಟ್ಟಿ ಉಬ್ಬಿದಾಗ ಕೆಲವರಿಗೆ ಎಚ್ಚರವಾಗುತ್ತದೆ ಎನ್ನುವುದು ಪರೀಕ್ಷೆಯ ಒಂದು ಕಿರಿಕಿರಿ.

ರಿಪೋರ್ಟ್ ಓದುವುದು ಹೇಗೆ?

ಸರಾಸರಿ ನೋಡಿ, ಒಂದೊಂದು ಸಂಖ್ಯೆಯನ್ನಲ್ಲ. ಸ್ಕೈವಾಕ್ ಮೆಟ್ಟಿಲು ಹತ್ತಿದಾಗ 160 ಬಂದರೆ ಅದು ದೇಹದ ಸಹಜ ಕೆಲಸ. ಹೆಚ್ಚಾಗಿ ಬಳಸುವ ಗೆರೆ ಇದು: 24 ಗಂಟೆಯ ಸರಾಸರಿ 130/80, ಹಗಲಿನದು 135/85, ನಿದ್ದೆಯದು 120/70. ಇದಕ್ಕೆ ಸಮ ಅಥವಾ ಮೇಲಿದ್ದರೆ ಬಿಪಿ ಇದೆ ಎಂದರ್ಥ. ವೈಟ್ ಕೋಟ್ ಎಂದು ಬಂದರೂ ನಿಶ್ಚಿಂತೆಯಿಂದ ಮರೆಯುವಂತಿಲ್ಲ. ಅಂಥವರಿಗೆ ಮುಂದೆ ನಿಜವಾದ ಬಿಪಿ ಬರುವ ಸಾಧ್ಯತೆ ಹೆಚ್ಚು, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು.

ಫೋನ್‌ನಲ್ಲೇ ಬಿಪಿ ನೋಡಬಹುದಲ್ಲ?

ಬೇಡ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇನೆಂದ ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಆ್ಯಪ್ ಅನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಪಿ ಹೆಚ್ಚಿದ್ದ 10 ಮಂದಿಯಲ್ಲಿ ಸುಮಾರು 8 ಮಂದಿಗೆ ಅದು ‘ಹೆಚ್ಚಿಲ್ಲ’ ಎಂದಿತ್ತು. ಪಟ್ಟಿಯಿಲ್ಲದ ವಾಚ್, ಉಂಗುರಗಳನ್ನು ನಂಬಿ ಬಿಪಿ ಇದೆ, ಇಲ್ಲ ಎಂದು ತೀರ್ಮಾನಿಸಬಾರದು ಎಂದು ಯುರೋಪಿಯನ್ ಸೊಸೈಟಿ ಆಫ್ ಹೈಪರ್‌ಟೆನ್ಷನ್ 2022ರಲ್ಲಿ ಹೇಳಿದೆ.

ಎಬಿಪಿಎಂ ಸಿಗದಿದ್ದರೆ?

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಸಾಕು. 5 ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಇಟ್ಟು, ತೋಳನ್ನು ಮೇಜಿನ ಮೇಲಿಟ್ಟು, ಬೆಳಗ್ಗೆ 2 ಸಲ, ಸಂಜೆ 2 ಸಲ, ಒಂದು ನಿಮಿಷದ ಅಂತರದಲ್ಲಿ 7 ದಿನ ಅಳೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಿ. ನಿದ್ದೆಯ ಬಿಪಿ ಮಾತ್ರ ಇದರಲ್ಲಿ ತಿಳಿಯುವುದಿಲ್ಲ.

ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಫೋನಿಂದ ಫೋನಿಗೆ ಹರಿದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಆ ಭಯ ಕೆಲ ವಾರಗಳದ್ದು, ಬಿಪಿ ವರ್ಷಗಟ್ಟಲೆಯದು. ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ 24%, ಹೆಂಗಸರಲ್ಲಿ 21% ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಔಷಧಿ ನಡೆಯುತ್ತಿದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ‘ಬರೀ ಭಯ’ ಎನ್ನುವ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಉತ್ತರ ಇಷ್ಟೇ: ಇರಬಹುದು, ಅಳೆದು ನೋಡೋಣ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.